ಅಳಗುಳಿ ಮಣೆ ಕಲಿಸಿದವರು

ರವಿವಾರ ಪೇಟೆಯ ಅಂಗಡಿಕಾರರು ನನಗೆ ಫೋನ್ ಮಾಡುವುದು ಎರಡೇ ಕಾರಣಕ್ಕೆ. ಲಟ್ಟಣಿಗೆ ಮುಗಿದಿವೆ ಎಂದು, ಇಲ್ಲವೇ ಲಟ್ಟಣಿಗೆ ಸೊಟ್ಟಗಿವೆ ಎಂದು. ಹೋದ ವರ್ಷ ಸಂಕ್ರಾಂತಿ ಮುಗಿದ ವಾರ ಬಂದ ಫೋನು ಈ ಎರಡಕ್ಕೂ ಸೇರಿರಲಿಲ್ಲ. ಅಂಗಡಿಯಲ್ಲಿ ಒಬ್ಬ ಹುಡುಗ ಅರ್ಧ ತಾಸಿನಿಂದ ಕುಳಿತಿದ್ದಾನೆ, ನಿಮ್ಮ ಹಲಗೆ ನೋಡಿ ಇದು ತನ್ನ ಅಜ್ಜನ ಮನೆಯದು ಅನ್ನುತ್ತಾನೆ, ಕೊಳ್ಳುವುದೂ ಇಲ್ಲ, ಏಳುವುದೂ ಇಲ್ಲ, ನೀವೇ ಬಂದು ಮಾತಾಡಿ ಎಂದು ಮರಾಠಿಯಲ್ಲಿ ಹೇಳಿ ಫೋನ್ ಇಟ್ಟರು. ಅವತ್ತು ನಾನು ಬೇರೆ ಕೆಲಸಕ್ಕೆ ಬೆಳಗಾವಿಗೇ ಬಂದಿದ್ದೆ. ಇಲ್ಲದಿದ್ದರೆ ಖಾನಾಪುರದಿಂದ ಅಷ್ಟಕ್ಕಾಗಿ ಹೋಗುತ್ತಿರಲಿಲ್ಲ, ಈ ಬರಹವೂ ಇರುತ್ತಿರಲಿಲ್ಲ.

ನಾನು ಬಡಿಗ. ಕಪಾಟು, ಮಂಚ ಮಾಡುವ ದೊಡ್ಡ ಬಡಿಗನಲ್ಲ. ಲಟ್ಟಣಿಗೆ, ಚಪಾತಿ ಮಣೆ, ಕಡಗೋಲು, ಊಟಕ್ಕೆ ಕೂರುವ ಮಣೆ, ಇಂಥ ಸಣ್ಣ ಸಾಮಾನು ಮಾಡಿ ಪೇಟೆಗೆ ಹಾಕುತ್ತೇನೆ. ವರ್ಷಕ್ಕೆ ಹತ್ತಿಪ್ಪತ್ತು ಅಳಗುಳಿ ಮಣೆಗಳನ್ನೂ ಮಾಡುತ್ತೇನೆ. ಈಗಿನ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ, ಅದಕ್ಕೆ ಹೇಳುತ್ತೇನೆ. ಒಂದು ಮೊಳದ ಹಲಗೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಪ್ರತಿ ಗುಳಿಯಲ್ಲಿ ನಾಲ್ಕೈದು ಬೀಜ. ಇಬ್ಬರು ಎದುರುಬದುರು ಕುಳಿತು, ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯೂ ಬರಿದಾಗಿದ್ದರೆ, ಅದರಾಚೆಯ ಗುಳಿಯಲ್ಲಿದ್ದದ್ದೆಲ್ಲ ಗೆದ್ದಂತೆ. ಬೇರೆಯವರು ಹುಣಸೆ ಬೀಜದಲ್ಲಿ ಆಡುತ್ತಾರೆ. ನಾನು ಖಾನಾಪುರದಾಚೆಯ ಗುಂಜಿ ಊರಿನ ಬೇಲಿಗಳಲ್ಲಿ ಸಿಗುವ ಗಜಗದ ಬೀಜವನ್ನು ಒಂದು ಚೀಲದಲ್ಲಿ ಕಟ್ಟಿ ಹಲಗೆಯ ಜೊತೆ ಕೊಡುತ್ತೇನೆ. ನಮ್ಮ ಅವ್ವ ಗಜಗದಲ್ಲಿಯೇ ಆಡುತ್ತಿದ್ದಳು.

ಅಂಗಡಿಗೆ ಹೋದರೆ ಆ ಹುಡುಗ ಕೊಡ, ಬುಟ್ಟಿಗಳ ನಡುವೆ ಒಂದು ಮಣೆಯ ಮೇಲೆ ಕುಳಿತಿದ್ದ. ಎತ್ತರದ ಆಳು, ಮೊಣಕಾಲು ಎದೆಗೆ ತಾಗುತ್ತಿದ್ದವು. ಮುಷ್ಟಿಯಲ್ಲಿ ಗಜಗ ಹಿಡಿದಿದ್ದ. ಟಾಂಜಾನಿಯಾ ದೇಶದವನು, ಇಲ್ಲಿಯ ಒಂದು ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದಾನೆ, ಹಿಂದವಾಡಿಯಲ್ಲಿ ಮಹಡಿಯ ಮೇಲೊಂದು ಖೋಲಿ ಮಾಡಿದ್ದಾನೆ ಎಂದು ಮಾತಿನಲ್ಲಿ ತಿಳಿಯಿತು. ಹಿಂದಿ ಚೆನ್ನಾಗಿ ಬರುತ್ತಿತ್ತು. ಮೂರು ವರ್ಷದಲ್ಲಿ ಪೇಟೆಯ ಕನ್ನಡವನ್ನೂ ಕಲಿತಿದ್ದ, ಕಾಯಿಪಲ್ಲೆಯವರ ಹತ್ತಿರ ಕಲಿತದ್ದರಿಂದ ಸ್ವಲ್ಪ ಜೋರು ಕನ್ನಡ.

ಅವನು ಹಲಗೆಗಿಂತ ಮೊದಲು ಗುರುತು ಹಿಡಿದದ್ದು ಗಜಗವನ್ನು. ಅವನ ಅಜ್ಜನ ಹಲಗೆಯಲ್ಲೂ ಇದೇ ಬೀಜ, ಇದೇ ಬೂದು ಬಣ್ಣ, ಇದೇ ನುಣುಪು. ಅವರ ಕಡೆ ಸಮುದ್ರದ ದಂಡೆಯಲ್ಲಿ ಇದು ತಾನಾಗಿ ತೇಲಿ ಬಂದು ಬೀಳುತ್ತದಂತೆ. ಬಂದು ಬೀಳುವ ಬೀಜ ಎಲ್ಲಿಂದ ಬಂತು ಎಂದು ಚಿಕ್ಕವನಿದ್ದಾಗ ಯಾರೂ ಕೇಳಿರಲಿಲ್ಲ. ಈಗ ರವಿವಾರ ಪೇಟೆಯಲ್ಲಿ ಕುಳಿತು ಅವನಿಗೆ ಆ ಪ್ರಶ್ನೆ ಬಂದಿತ್ತು. ಹಲಗೆ ಮಾತ್ರ ತಪ್ಪಿದೆ ಎಂದ. ಅವರದು ನಾಲ್ಕು ಸಾಲು, ಸಾಲಿಗೆ ಎಂಟು ಗುಳಿ. ನಾನು ಅರ್ಧ ಮಾಡಿ ಬಿಟ್ಟಿದ್ದೇನೆ ಎಂದು ಅವನಿಗೆ ಅನಿಸಿತ್ತು.

ನಾನು ನಕ್ಕೆ. ನಮ್ಮಪ್ಪ ಕಡೆದ ಹಲಗೆಯೇ ನನಗೆ ಮಾದರಿ, ಅದು ಅರ್ಧವಲ್ಲ ಎಂದೆ. ಇಬ್ಬರೂ ಅಲ್ಲೇ ಒಂದು ಆಟ ಆಡಿದೆವು. ಎರಡು ಸುತ್ತು ನೋಡಿದ್ದಷ್ಟೇ, ಮೂರನೆಯದರಲ್ಲಿ ಅವನು ನನ್ನನ್ನು ಸೋಲಿಸಿದ. ಅಂಗಡಿಕಾರರು ತಕ್ಕಡಿ ಬಿಟ್ಟು ನೋಡುತ್ತ ನಿಂತಿದ್ದರು.

ಚಹಾ ಕುಡಿಯುವಾಗ ಅವನು ತನ್ನ ಸಂಕಟ ಹೇಳಿದ. ಅವನ ಕಾಲೇಜಿನ ವಾರ್ಷಿಕೋತ್ಸವಕ್ಕೆ, ಹುಡುಗರು ಅನ್ನುವ ಗ್ಯಾದರಿಂಗ್‌ಗೆ ಇನ್ನು ಮೂರು ವಾರ ಉಳಿದಿತ್ತು. ಅವತ್ತು ಹೊರಗಿನಿಂದ ಬಂದ ಹುಡುಗರಿಗೆಲ್ಲ ಒಂದೊಂದು ಟೇಬಲ್ ಕೊಡುತ್ತಾರೆ, ತಮ್ಮ ನಾಡಿನದು ಏನಾದರೂ ಇಟ್ಟು ತೋರಿಸಬೇಕು. ನೇಪಾಳಕ್ಕೆ ಒಂದು ಟೇಬಲ್. ಇಡೀ ಆಫ್ರಿಕಾಕ್ಕೂ ಒಂದೇ ಟೇಬಲ್. ಆ ಟೇಬಲ್ಲಿಗೆ ಇವರು ಆರು ಮಂದಿ, ಆರು ದೇಶದವರು. ಹಿಂದಿನ ವರ್ಷ ಆರು ಧ್ವಜ ನೆಟ್ಟು, ಆರೂ ಮಂದಿ ಮೊಬೈಲ್ ನೋಡುತ್ತ ಕುಳಿತಿದ್ದರಂತೆ. ಜನ ಬಂದು ಫೋಟೋ ತೆಗೆದುಕೊಂಡು ಹೋದರೇ ಹೊರತು ಏನನ್ನೂ ಕೇಳಲಿಲ್ಲ. ಈ ಸಲ ಉಳಿದ ಐವರು ಟೇಬಲ್ಲೇ ಬೇಡ ಎಂದು ಬರೆದುಕೊಡಲು ತಯಾರಾಗಿದ್ದರು. ಇವನು ಒಂದು ವಾರದ ಟೈಮ್ ಕೇಳಿದ್ದ. ಆರೂ ಮಂದಿ ಇದು ನಮ್ಮದು ಅನ್ನುವಂಥ ಒಂದು ವಸ್ತು ಹುಡುಕುತ್ತೇನೆ ಎಂದು ಮಾತು ಕೊಟ್ಟಿದ್ದ.

ಇಷ್ಟು ಒದ್ದಾಟ ಒಂದು ಟೇಬಲ್ಲಿಗಾಗಿ ಏಕೆ ಎಂದು ಕೇಳಿದೆ. ಅವನು ಗಜಗವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತ ಹೇಳಿದ:

"ಕಾಕಾ, ಮೂರ ವರ್ಷ ಆತು, ಓಣ್ಯಾಗ ಎಲ್ಲಾರೂ ನನಗ ಆಫ್ರಿಕಾ ಅಂತ ಕರೀತಾರ. ಬಸ್ಸಿನ್ಯಾಗೂ ಆಫ್ರಿಕಾ, ಕಿರಾಣಿ ಅಂಗಡ್ಯಾಗೂ ಆಫ್ರಿಕಾ. ನನ್ನ ಊರಾಗ ಇದ್ದಾಗ ನಾ ಆಫ್ರಿಕಾ ಅಲ್ಲ. ಇಲ್ಲಿ ಬಂದ ಮ್ಯಾಲ ಆದೆ. ಹಂಗಾದ್ರ ಅದು ಏನು ಅಂತ ನನಗ ಗೊತ್ತಾಗಬೇಕಲ್ಲ?"

ಆಮೇಲೆ ಅವನು ನನ್ನನ್ನು ಕೇಳಿದ, ನಿಮ್ಮನ್ನು ಯಾರಾದರೂ ಏಷ್ಯಾ ಅಂತ ಕರೆದಿದ್ದಾರೇನು ಎಂದು.

ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ನಲವತ್ತು ದಾಟಿದ ಮೇಲೆ ಹೊರಗಿನಿಂದ ಹತ್ತನೆಯ ಇಯತ್ತೆಗೆ ಕುಳಿತೆ. ಖಂಡಗಳಲ್ಲೆಲ್ಲ ಏಷ್ಯಾ ದೊಡ್ಡದು, ನಾವು ಅದರಲ್ಲಿದ್ದೇವೆ ಎಂದು ಆಗ ಬಾಯಿಪಾಠ ಮಾಡಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೆ ಅವತ್ತಿನವರೆಗೆ ನಾನು ಏಷ್ಯಾದವನು ಎಂದು ಒಂದು ಸಲವೂ ಅನಿಸಿರಲಿಲ್ಲ. ಖಾನಾಪುರದವನು ಅನಿಸಿದೆ. ಗಡಿಯ ಗಲಾಟೆ ಎದ್ದಾಗ ಕನ್ನಡದವನು ಅನಿಸಿದೆ, ಮರಾಠಿ ಗೆಳೆಯನ ಮನೆಯಲ್ಲಿ ಉಂಡಾಗ ಅದು ಮರೆತಿದೆ. ಜಪಾನಿನವನೂ ನಾನೂ ಒಂದು ಎನ್ನಲು ನಮ್ಮ ನಡುವೆ ಏನಿದೆ ಎಂದು ಆ ರಾತ್ರಿ ಹೆಂಡತಿಯನ್ನು ಕೇಳಿದೆ. ಅವಳು ಅನ್ನ ಅಂದಳು. ಅವರೂ ಅನ್ನ ಉಣ್ಣುತ್ತಾರಲ್ಲ ಎಂದಳು. ನಾವು ರೊಟ್ಟಿ ಉಣ್ಣುವವರು ಎಂದೆ. ಹಾಗಾದರೆ ನೀವು ಏಷ್ಯಾದಿಂದ ಹೊರಗೆ ಎಂದು ತಾಟು ಎತ್ತಿಕೊಂಡು ಹೋದಳು.

ಆ ಭಾನುವಾರ ಅವನು ನನ್ನನ್ನು ಹಿಂದವಾಡಿಗೆ ಕರೆದ. ಮಹಡಿಯ ಮೇಲೆ ಆರೂ ಮಂದಿ ಸೇರಿದ್ದರು. ನಾನು ನನ್ನ ಹಲಗೆ ನಡುವೆ ಇಟ್ಟೆ. ಇಷ್ಟು ದಿನ ಯಾವುದಕ್ಕೂ ಒಪ್ಪದವರು ಒಂದೇ ಬಾಯಲ್ಲಿ ಹೇಳಿದ ಮೊದಲ ಮಾತು, ಈ ಹಲಗೆ ತಪ್ಪು ಎಂಬುದು. ಅದು ಮುಗಿದ ಮೇಲೆ ಯಾವುದು ಸರಿ ಎಂದು ಜಗಳ. ಘಾನಾ ದೇಶದ ಹುಡುಗಿ ಒಬ್ಬಳಿದ್ದಳು, ಸಣ್ಣ ಕನ್ನಡಕ, ಕಡ್ಡಿ ಮುರಿದಂಥ ಮಾತು. ಎರಡು ಸಾಲು ಸರಿ, ಆದರೆ ಆರೇ ಗುಳಿ ಇರಬೇಕು ಎಂದಳು. ಯುಗಾಂಡಾದವನು ನಾಲ್ಕು ಸಾಲು ಎಂದ. ಇಥಿಯೋಪಿಯಾದವನು ಮೂರು ಸಾಲು ಎಂದದ್ದಕ್ಕೆ ಉಳಿದವರೆಲ್ಲ ನಕ್ಕರು, ಅವನು ಸಿಟ್ಟಾದ. ಸೀಮೆಸುಣ್ಣ ತಂದು ಗಚ್ಚಿನ ಮೇಲೆ ತಮ್ಮ ತಮ್ಮ ಹಲಗೆ ಬರೆದರು. ಮನೆಯ ಮಾಲಕರು ಬಟ್ಟೆ ಒಣಹಾಕಲು ಮೇಲೆ ಬಂದವರು ಸುಣ್ಣದ ಗೆರೆ ದಾಟುತ್ತ ದಾಟುತ್ತ ತಂತಿಯವರೆಗೆ ಹೋಗಬೇಕಾಯಿತು.

ನನಗೆ ಅದೆಲ್ಲ ನೋಡುವುದೇ ಒಂದು ಹಬ್ಬ. ಆದರೆ ಆ ಹುಡುಗಿ ಕೊನೆಗೆ ಒಂದು ಮಾತು ಅಂದಳು. ಗುಳಿ ಎಷ್ಟಾದರೂ ಇರಲಿ, ಆಟ ಒಂದೇ, ಅದು ಒಪ್ಪಿದೆ. ಆದರೆ ಈ ಅಂಕಲ್ ಕೂಡ ಇದೇ ಆಟದ ಹಲಗೆ ಮಾಡುತ್ತಾರೆ, ಇವರ ತಾಯಿಯೂ ಆಡುತ್ತಿದ್ದರು. ಹಾಗಾದರೆ ಇದು ಆಫ್ರಿಕಾದ್ದು ಹೇಗಾಯಿತು? ಇಲ್ಲಿಯ ಜನ ಬಂದು ನೋಡಿ, ಇದು ನಮ್ಮ ಅಜ್ಜಿಯದೂ ಇದೆ ಎಂದು ಹೇಳಿ ಹೋಗುತ್ತಾರೆ.

ಅವಳು ಹೇಳಿದ್ದು ಖರೆ ಇತ್ತು. ಟಾಂಜಾನಿಯಾದವನ ಮುಖ ಇಳಿದುಹೋಯಿತು. ಅಜ್ಜನ ಹಲಗೆ ಪೇಟೆಯಲ್ಲಿ ಸಿಕ್ಕ ಖುಷಿಯೇ ಈಗ ಅವನ ಕಾಲಿಗೆ ತೊಡಕಾಗಿತ್ತು. ಆಗ ನಾನು ಶಾಣ್ಯಾತನ ಮಾಡಿದೆ. ಗುಂಜಿಯ ಆಚೆ, ಕಾಡಂಚಿನ ಒಂದು ವಾಡಿಯಲ್ಲಿ ಸಿದ್ದಿಯವರು ಇದ್ದಾರೆ, ಎಷ್ಟೋ ತಲೆಮಾರಿನ ಹಿಂದೆ ಆಫ್ರಿಕಾದಿಂದ ಬಂದವರು ಎಂದು ಹೇಳಿದೆ. ನಮ್ಮ ಅವ್ವ ಆಡುತ್ತಿದ್ದದ್ದು ಅವರಲ್ಲಿಯ ಒಬ್ಬಳ ಜೊತೆಗೇ. ಅವರೇ ಈ ಆಟ ತಂದಿದ್ದರೆ? ಹಾಗಾದರೆ ನನ್ನ ಹಲಗೆಯೂ ನಿಮ್ಮದೇ ಆಗುತ್ತದೆ. ಹುಡುಗಿ ಕನ್ನಡಕ ಸರಿಮಾಡಿಕೊಂಡು, ಹಾಗಿದ್ದರೆ ನಾನು ಟೇಬಲ್ಲಿಗೆ ಬರುತ್ತೇನೆ, ಕೇಳಿಕೊಂಡು ಬನ್ನಿ ಎಂದಳು.

ಅವ್ವನ ಆ ಗೆಳತಿ ನನಗೆ ಮಾವಶಿ, ಅಂದರೆ ಚಿಕ್ಕಮ್ಮ. ರಕ್ತದ ಸಂಬಂಧವಿಲ್ಲ. ನಮ್ಮಪ್ಪ ಗುಂಜಿಯ ಕಟ್ಟಿಗೆ ಡಿಪೋದಲ್ಲಿ ಕೆಲಸಕ್ಕಿದ್ದಾಗ ನಾವು ಆ ವಾಡಿಯಲ್ಲೇ ಎಂಟು ವರ್ಷ ಇದ್ದೆವು, ಮಾವಶಿಯ ಮನೆ ನಮ್ಮ ಹಿತ್ತಲಿಗೆ ಹತ್ತಿತ್ತು. ಮಧ್ಯಾಹ್ನದ ಊಟ ಮುಗಿಸಿ ಅವ್ವ ಹಲಗೆ ಬಗಲಲ್ಲಿ ಹಿಡಿದು ಆ ಮನೆಯ ಕಟ್ಟೆಗೆ ಹೋಗುತ್ತಿದ್ದಳು. ಇಬ್ಬರೂ ಬೇರೆ ಮಾತಿಲ್ಲದೆ ಆಡುತ್ತಿದ್ದರು. ಬರಿದಾದ ಗುಳಿಯಲ್ಲಿ ಮತ್ತೆ ನಾಲ್ಕು ಗಜಗ ಕೂಡಿದರೆ ಅದಕ್ಕೆ ಆಕಳು ಎಂದು ಹೆಸರು, ಆಗ ಅವ್ವ ಆಕಳು ಈಯಿತು ಅನ್ನುತ್ತಿದ್ದಳು, ಮಾವಶಿ ಗಿಣ್ಣ ಯಾವಾಗ ಕೊಡತಿ ಅನ್ನುತ್ತಿದ್ದಳು, ದಿನಾಲೂ ಅದೇ ಮಾತು. ಇನ್ನೊಂದು ಸಂಗತಿಯನ್ನೂ ಬರೆಯಬೇಕು. ಅವ್ವ ಲಿಂಗ ಕಟ್ಟಿದವಳು, ಮುಂಜಾನೆ ವಿಭೂತಿ ಹಚ್ಚಿಕೊಳ್ಳದೆ ಚಹಾ ಕುಡಿದವಳಲ್ಲ. ಜಾತಿ ನೋಡಬಾರದು ಎಂದು ಹೇಳಿದ ಬಸವಣ್ಣನನ್ನು ದಿನಾ ನೆನೆಯುತ್ತಿದ್ದಳು. ಆದರೂ ಮಾವಶಿಯ ಮನೆಗೆ ಹೋಗುವಾಗ ತನ್ನ ತಂಬಿಗೆಯನ್ನು ತಾನೇ ಒಯ್ಯುತ್ತಿದ್ದಳು. ಗಜಗ ಇವಳ ಕೈಯಿಂದ ಅವಳ ಕೈಗೆ ಸಾವಿರ ಸಲ ಹೋಗಿದ್ದಾವೆ. ನೀರು ಹೋಗಿಲ್ಲ. ಮಾವಶಿ ಅದಕ್ಕೆ ಒಂದು ಮಾತೂ ಅಂದವಳಲ್ಲ. ನಾನು ಚಿಕ್ಕವನು, ತಂಬಿಗೆ ಹಲಗೆಯ ಜೊತೆಗಿನ ಸಾಮಾನು ಎಂದೇ ತಿಳಿದಿದ್ದೆ.

ಫೋನ್ ಮಾಡಿ ಮಾವಶಿಗೆ, ನಿಮ್ಮವನೊಬ್ಬನನ್ನು ಕರೆದುಕೊಂಡು ಬರುತ್ತಿದ್ದೇನೆ ಎಂದೆ. ಯಾರು ಏನು ಎಂದು ಹೇಳಲಿಲ್ಲ. ನೋಡಿದಾಗ ಆಗುವ ಆನಂದವನ್ನು ಕಣ್ಣಾರೆ ನೋಡಬೇಕೆಂದು ನನ್ನ ಆಸೆ.

ಬುಧವಾರ ಮುಂಜಾನೆಯ ಪ್ಯಾಸೆಂಜರ್ ಗಾಡಿಗೆ ಅವನು ಬೆಳಗಾವಿಯಿಂದ ಬಂದ, ನಾನು ಖಾನಾಪುರದಲ್ಲಿ ಹತ್ತಿದೆ. ಗುಂಜಿಯಲ್ಲಿ ಇಳಿದು ಅರ್ಧ ತಾಸು ನಡೆದೆವು. ದಾರಿಯ ಬೇಲಿಯಲ್ಲಿ ಗಜಗದ ಬಳ್ಳಿ ತೋರಿಸಿದೆ. ಮುಳ್ಳು ಮುಳ್ಳಾದ ಕಾಯಿ ಒಡೆದು ಎರಡು ಬೀಜ ಬಿಡಿಸಿ ಕೊಟ್ಟೆ. ಅವನು ಗಿಡದ ಮೇಲೆ ಇದನ್ನು ಎಂದೂ ನೋಡಿರಲಿಲ್ಲ, ಮರಳಲ್ಲಿ ಬಿದ್ದದ್ದನ್ನೇ ಆರಿಸಿದವನು. ಬಹಳ ಹೊತ್ತು ಆ ಬಳ್ಳಿಯ ಮುಂದೆ ನಿಂತಿದ್ದ.

ಮಾವಶಿ ಅಂಗಳ ಸಾರಿಸಿ, ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದಳು. ಒಳಗಿನಿಂದ ಕೋಳಿ ಸಾರಿನ ವಾಸನೆ. ಹಳಿಯಾಳದ ಕಡೆಯ ಬೀಗರು ಯಾರೋ ಬರುತ್ತಾರೆ ಎಂದು ತಿಳಿದು ನಸುಕಿನಿಂದ ಅಡಿಗೆ ಮಾಡಿದ್ದಳು. ಬಂದವನನ್ನು ಮೇಲಿಂದ ಕೆಳಗೆ ನೋಡಿದಳು. ಅವನು ಬಾಗಿ ನಮಸ್ಕಾರ ಮಾಡಿದ. ಇವನು ಆಫ್ರಿಕಾದವನು ಮಾವಶಿ, ನಿಮ್ಮವನು ಎಂದು ನಾನು ಹೇಳಿದೆ, ದೊಡ್ಡ ಕೆಲಸ ಮಾಡಿದವನ ಹಾಗೆ.

ಅವಳು ಅವನಿಗೆ ಮಣೆ ಕೊಟ್ಟಳು, ನೀರು ಕೊಟ್ಟಳು. ನನಗೆ ಏನೂ ಕೊಡಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದಳು:

"ನಮ್ಮಂವ ಅಂದಿ. ಇಂವನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಅವ್ವಾ ಯಾರು ಗೊತ್ತಿಲ್ಲ. ಬಣ್ಣಾ ನೋಡಿ ಅಂದಿ ಹೌದಲ್ಲ? ನಲವತ್ತ ವರ್ಷ ನೀ ನಮ್ಮಂವ ಅಂತ ತಿಳಕೊಂಡಿದ್ದೆ ನಾ. ಹತ್ತನೇತ್ತ ಪಾಸ್ ಆಗಿ ಇಷ್ಟ ಶಾಣ್ಯಾ ಆದೇನು?"

ನಾನು ತಲೆ ತಗ್ಗಿಸಿದೆ. ಅವನಿಗೆ ಮಾತು ಪೂರಾ ತಿಳಿಯಲಿಲ್ಲ, ಆದರೆ ಯಾರಿಗೆ ಬೈಗುಳ ಬಿತ್ತು ಎಂದು ತಿಳಿಯಿತು. ಪೇಟೆಯ ಕನ್ನಡದಲ್ಲಿ ಅವನೇ ನಡುವೆ ಬಂದ. ಅಜ್ಜಿ, ನನಗ ಓಣ್ಯಾಗ ಎಲ್ಲಾರೂ ಹಿಂಗ ಮಾಡತಾರ, ಇವರು ಒಬ್ಬರಲ್ಲ ಎಂದ. ಮಾವಶಿ ಮೊದಲ ಸಲ ನಕ್ಕಳು. ತನಗೂ ಬೆಳಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಯಾವ ದೇಶ ಎಂದು ಕೇಳುತ್ತಾರೆ, ಮರಾಠಿಯಲ್ಲಿ ಬೈದರೆ ಗಾಬರಿಯಾಗುತ್ತಾರೆ ಎಂದಳು. ಅಲ್ಲಿಂದ ಅವರಿಬ್ಬರೂ ಒಂದಾದರು, ನಾನು ಹೊರಗಾದೆ. ಅವನಿಗೆ ಕೋಳಿ ಸಾರು, ಅನ್ನ ಬಡಿಸಿದಳು. ಕೋಳಿ ತಿನ್ನದ ನನಗೆ ಬೇರೆ ಪಾತ್ರೆಯಲ್ಲಿ ಅವಲಕ್ಕಿ ಕಲಸಿಟ್ಟಿದ್ದಳು. ಸಿಟ್ಟಿನಲ್ಲೂ ಅದು ಮರೆತಿರಲಿಲ್ಲ.

ಊಟದ ಮೇಲೆ ಹಲಗೆ ಬಂತು. ಏಳು ಗುಳಿಯದು, ನಮ್ಮಪ್ಪನೇ ಕಡೆದು ಕೊಟ್ಟದ್ದು, ತುದಿ ಗೆದ್ದಲು ತಿಂದಿತ್ತು. ಮಾವಶಿ ಅವನನ್ನು ಎರಡು ಸಲ ಸೋಲಿಸಿದಳು. ಆಮೇಲೆ ಅವನು ಅಂಗಳದಲ್ಲಿ ಕಡ್ಡಿಯಿಂದ ತನ್ನ ನಾಲ್ಕು ಸಾಲಿನ ಹಲಗೆ ತೋಡಿದ. ಅವರಲ್ಲಿ ಎದುರಿನವನ ಗುಳಿಯಿಂದ ಹಿಡಿದ ಬೀಜ ತೆಗೆದಿಡುವುದಿಲ್ಲ, ತನ್ನ ಸಾಲಿನಲ್ಲೇ ಮತ್ತೆ ಹಾಕಬೇಕು. ಗೆದ್ದದ್ದನ್ನು ಮನೆಗೆ ಒಯ್ಯುವ ಹಾಗಿಲ್ಲ, ಆಟದಲ್ಲೇ ಇರಬೇಕು. ಮಾವಶಿ ಒಂದು ಸುತ್ತು ನೋಡಿದಳು, ಎರಡು ಸುತ್ತು ನೋಡಿದಳು, ಮೂರನೆಯದಕ್ಕೆ ಸೀರೆಯ ಸೆರಗು ಸಿಕ್ಕಿಸಿ ಮಣ್ಣಿನ ಮುಂದೆ ಕುಳಿತಳು. ನಾಲ್ಕನೆಯದರಲ್ಲಿ ಅವನ ತಪ್ಪು ಹಿಡಿದಳು. ನೀ ಒಂದ ಗುಣಿ ಬಿಟ್ಟಿ ನೋಡು ಎಂದಳು. ಬಿಟ್ಟಿದ್ದ ಹೌದು.

ಆಗ ಅವನು ತಾನು ಬಂದ ಪ್ರಶ್ನೆ ಕೇಳಿದ. ಈ ಆಟ ನಿಮ್ಮ ಹಿರಿಯರು ತಂದದ್ದೇನು, ಯಾರು ಕಲಿಸಿದರು?

ಮಾವಶಿ ಗಜಗ ಬಳಿದು ಚೀಲಕ್ಕೆ ಹಾಕುತ್ತ ನನ್ನ ಕಡೆ ಗದ್ದ ತಿರುಗಿಸಿದಳು. "ಇವನ ಅವ್ವಾ ಕಲಿಸಿದ್ಲು. ನಾ ಮದಿವ್ಯಾಗಿ ಇಲ್ಲಿ ಬಂದಾಗ ನನಗ ಏನೂ ಬರತಿದ್ದಿಲ್ಲ."

ಅಷ್ಟೇ. ನಾನು ಬಾಯಿ ತೆರೆಯಲು ಹೋಗಿ ಸುಮ್ಮನಾದೆ.

ತಿರುಗಿ ಬರುವ ಗಾಡಿಯಲ್ಲಿ ಅವನು ಕಿಡಕಿಯ ಹೊರಗೆ ನೋಡುತ್ತ ಕುಳಿತಿದ್ದ. ಆಟ ಸೋತವನ ಮುಖ ಅಲ್ಲ ಅದು, ಹಲಗೆಯೇ ಕಳೆದುಕೊಂಡವನ ಮುಖ. ನನಗೆ ತಡೆಯಲಾಗಲಿಲ್ಲ. ಅಂಗಳದಲ್ಲಿ ನುಂಗಿದ ಮಾತನ್ನು ಹೇಳಿಬಿಟ್ಟೆ. ನಮ್ಮ ಅವ್ವ ಬದುಕಿರುವವರೆಗೆ ನಮಗೆ ಹೇಳಿದ್ದು ಬೇರೆ. ಈ ಆಟ ನನಗೆ ಸಿದ್ದಿಯ ಗೆಳತಿ ಕಲಿಸಿದಳು, ನಾನು ಗುಂಜಿಗೆ ಬರುವ ಮೊದಲು ಗಜಗ ಅಂದರೆ ಕೂಸಿನ ಹೊಟ್ಟೆನೋವಿನ ಔಷಧ ಎಂದಷ್ಟೇ ಗೊತ್ತಿತ್ತು ಎಂದು ಎಷ್ಟೋ ಸಲ ಹೇಳಿದ್ದಳು. ಮಾವಶಿಯ ಎದುರು ಅದನ್ನು ಹೇಳಿದರೆ ಅವಳ ಮಾತು ಸುಳ್ಳು ಮಾಡಿದ ಹಾಗೆ ಆಗುತ್ತದೆ ಎಂದು ಸುಮ್ಮನಿದ್ದೆ.

ಅವನು ಪೂರಾ ನನ್ನ ಕಡೆ ತಿರುಗಿದ. ಯಾರದು ಖರೆ ಎಂದು ಕೇಳಿದ. ಇಬ್ಬರೂ ಸುಳ್ಳು ಹೇಳುವ ಜನ ಅಲ್ಲ ಎಂದೆ. ಹಾಗಾದರೆ ಮರೆತಿರಬೇಕು ಎಂದ. ಇಬ್ಬರೂ ಒಂದೇ ಸಲ, ಕಲಿಸಿದ ಹೆಸರನ್ನು ಒಬ್ಬರು ಇನ್ನೊಬ್ಬರಿಗೆ ಕೊಡುವ ಹಾಗೆ ಮರೆಯಲು ಸಾಧ್ಯವೇ ಎಂದು ನಾನು ಕೇಳಿದೆ. ಗಾಡಿ ಖಾನಾಪುರಕ್ಕೆ ಬಂದು ನಿಂತಿತು, ನಾನು ಇಳಿಯಲಿಲ್ಲ. ದೇಸೂರಿನವರೆಗೂ ಅದೇ ಮಾತು. ಅವನ ಅಜ್ಜ ಒಳನಾಡಿನಿಂದ ದಂಡೆಗೆ ಬಂದು ನೆಲೆಸಿದವನಂತೆ, ಆಟವನ್ನು ಕಡಲ ದಂಡೆಯವರು ಕಲಿಸಿದರು ಎಂದು ಹೇಳುತ್ತಿದ್ದನಂತೆ. ತನ್ನ ದೇಶದಲ್ಲಿ ಓದುವಾಗ ಮೊದಲಿನಿಂದಲೂ ದಂಡೆಯದೇ ಆದ ಮನೆಯ ಗೆಳೆಯನೊಬ್ಬ ಸಿಕ್ಕಿದ್ದ, ಅವನ ಮನೆಯಲ್ಲಿ ಇದು ಒಳನಾಡಿನಿಂದ ಬಂದದ್ದು ಎನ್ನುತ್ತಾರೆ. ಅದನ್ನು ಹೇಳುತ್ತ ಹೇಳುತ್ತ ಅವನು ಮಾತು ನಿಲ್ಲಿಸಿದ, ಫೋನ್ ತೆಗೆದು ಆರು ಮಂದಿಯ ಗುಂಪಿಗೆ ಒಂದು ಪ್ರಶ್ನೆ ಕಳಿಸಿದ. ಈ ಆಟ ನಿಮಗೆ ಕಲಿಸಿದವರು ಯಾರು? ದೇಶದ ಹೆಸರು ಬೇಡ, ಮನುಷ್ಯರನ್ನು ಹೇಳಿ.

ಬೆಳಗಾವಿಗೆ ಬರುವುದರೊಳಗೆ ಉತ್ತರ ಬಂದಿದ್ದವು. ಘಾನಾದ ಹುಡುಗಿಗೆ ಕಲಿಸಿದವಳು ಪಕ್ಕದ ಮನೆಯ ಹೆಂಗಸು, ಬೇರೆ ದೇಶದಿಂದ ಓಡಿ ಬಂದು ನೆಲೆಸಿದವಳು. ಯುಗಾಂಡಾದವನಿಗೆ ತಾಯಿಯ ತಮ್ಮ, ಆ ಮಾಮಾನಿಗೆ ಗಡಿಯಾಚೆಯ ದನದ ವ್ಯಾಪಾರಿ. ಇಥಿಯೋಪಿಯಾದವನು ಮಾತ್ರ, ನಾನು ನಾನಾಗಿಯೇ ಕಲಿತೆ, ಮೂರು ಸಾಲು ನಮ್ಮದೇ ಎಂದು ಬರೆದಿದ್ದ. ಅರ್ಧ ತಾಸಿನ ಮೇಲೆ, ಅಜ್ಜಿಯೂ ಸ್ವಲ್ಪ ಕಲಿಸಿದಳು ಎಂದು ಸೇರಿಸಿದ.

ಟೇಬಲ್ ಉಳಿಯಿತು. ನನಗೆ ಆರು ಹಲಗೆಯ ಕೆಲಸ ಬಂತು. ಒಬ್ಬೊಬ್ಬರೂ ತಮ್ಮ ನೆನಪಿನಂತೆ ಕಾಗದದ ಮೇಲೆ ಬರೆದು ಕೊಟ್ಟರು, ನಾನು ಹಲಸಿನ ಕಟ್ಟಿಗೆಯಲ್ಲಿ ಕಡೆದೆ. ನನ್ನ ಕೈಗೆ ಏಳೇ ರೂಢಿ. ಹುಡುಗಿಯ ಹಲಗೆಯಲ್ಲಿ ಆರು ತೋಡಿ ಮುಗಿಸಿದ ಮೇಲೂ ಉಳಿ ಏಳನೆಯದಕ್ಕೆ ಸರಿದಿತ್ತು. ಗುರುತು ಬಿದ್ದಿತು, ಅದನ್ನು ಉಜ್ಜಿ ತೆಗೆಯುವುದರಲ್ಲಿ ಒಂದು ಮುಂಜಾನೆ ಹೋಯಿತು. ಬೆರಳಾಡಿಸಿದರೆ ಈಗಲೂ ಸಿಗುತ್ತದೆ.

ಗ್ಯಾದರಿಂಗಿನ ದಿನ ಮಾವಶಿ ಬಂದಳು. ಕರೆದವನು ನಾನಲ್ಲ, ಟಾಂಜಾನಿಯಾದ ಹುಡುಗನೇ ಫೋನ್ ಮಾಡಿದ್ದ. ನಾನು ಗುಂಜಿಗೆ ಹೋಗಿ ಕರೆತಂದೆ. ಮೇಲೆ ಆಫ್ರಿಕಾ ಎಂದು ಬರೆದ ಬಟ್ಟೆ ಹಾಗೆಯೇ ಇತ್ತು, ಕಾಲೇಜಿನವರು ಕಟ್ಟಿದ್ದು. ಕೆಳಗೆ ಆರು ಹಲಗೆ, ಎಲ್ಲದರಲ್ಲೂ ಗುಂಜಿಯ ಗಜಗ. ಹಲಗೆಗಳ ಮುಂದೆ ದೇಶದ ಹೆಸರಿರಲಿಲ್ಲ, ಕಲಿಸಿದವರು ಯಾರು ಎಂದು ಒಂದೊಂದು ಚೀಟಿ. ಮಾವಶಿ ಟೇಬಲ್ಲಿನ ಹಿಂದೆ ಕುರ್ಚಿಯಲ್ಲಿ ಕುಳಿತಳು. ಬಂದ ಹುಡುಗರು ಅವಳನ್ನೇ ಮೊದಲು ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದರು. ಅವಳು ಗುಂಜಿ ಎಂದಳು. ಕುಂದರ್ರಿ, ಒಂದ ಆಟಾ ಆಡ್ರಿ ಎಂದಳು. ಕುಳಿತವರನ್ನೆಲ್ಲ ಸೋಲಿಸಿದಳು. ಘಾನಾದ ಹುಡುಗಿ ತನ್ನ ಆರು ಗುಳಿಯ ಹಲಗೆ ತಂದು ಎದುರು ಕುಳಿತಳು, ಕೊನೆಗೆ ಸರಿಸಮ ಆಯಿತು. ಜನ ನೇಪಾಳದ ಟೇಬಲ್ ಬಿಟ್ಟು ಇತ್ತ ಬಂದಿದ್ದರು. ಆ ಹುಡುಗಿ ಹೇಳಿದ್ದೂ ನಡೆಯಿತು. ಎಷ್ಟೋ ಮಂದಿ, ಇದು ನಮ್ಮ ಅಮ್ಮನ ಮನೆಯಲ್ಲೂ ಇದೆ ಎಂದರು. ಇವನು ಅವರಿಗೆ ಒಂದು ಚೀಟಿ ಕೊಟ್ಟು, ಅಮ್ಮನಿಗೆ ಕಲಿಸಿದವರು ಯಾರು ಎಂದು ಬರೆದು ಇಡಲು ಹೇಳುತ್ತಿದ್ದ. ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಿ ಕೇಳುತ್ತಿದ್ದರು.

ಸ್ವಲ್ಪ ಬಿಡುವಾದಾಗ ಅವನು ನನ್ನ ಹತ್ತಿರ ಬಂದು ನಿಂತ. ಆಫ್ರಿಕಾ ಏನು ಅಂತ ಗೊತ್ತಾಯಿತೇ ಎಂದು ಕೇಳಿದೆ.

"ಪೂರಾ ಇಲ್ಲ ಕಾಕಾ. ಒಬ್ಬರ ಆಟ ಇನ್ನೊಬ್ಬರಿಗೆ ಬರೂದಿಲ್ಲ, ಖರೆ. ಆದ್ರ ಎರಡ ಸುತ್ತ ನೋಡಿದ ಮ್ಯಾಲ ಬರತೈತಿ. ಸದ್ಯ ನನಗ ಅಷ್ಟ ಸಾಕು."

ಎರಡು ಸುತ್ತು ನೋಡಿದರೆ ಬರುವುದೇ ಲೆಕ್ಕವಾದರೆ ಗುಂಜಿಯೂ ಆಫ್ರಿಕಾ ಆಯಿತಲ್ಲ ಎಂದೆ. ಅದನ್ನು ಮಾವಶಿಯ ಮುಂದೆ ಹೇಳಿ ನೋಡಿ, ಮತ್ತೆ ಬೈಸಿಕೊಳ್ಳಿ ಎಂದು ಅವನು ನಕ್ಕ. ನಾನು ಇದನ್ನು ಇನ್ನೂ ಯೋಚಿಸುತ್ತಿದ್ದೇನೆ. ಜಪಾನಿನವನ ಯಾವ ಆಟ ನನಗೆ ಎರಡು ಸುತ್ತಿನಲ್ಲಿ ಬರಬಹುದು, ನನ್ನ ಯಾವುದು ಅವನಿಗೆ? ನೋಡಿದ್ದರೆ ಹೇಳಬಹುದಿತ್ತು.

ಏಳು ಗುಳಿಯ ಹಲಗೆಯೂ ಟೇಬಲ್ಲಿನ ಒಂದು ಮೂಲೆಯಲ್ಲಿತ್ತು, ಮಾವಶಿ ಬರುವಾಗ ತಂದ, ಗೆದ್ದಲು ತಿಂದ ಆ ಹಳೆಯದು. ಅದರ ಚೀಟಿ ಬರೆಯುವ ಕೆಲಸ ನನಗೆ ಬಿಟ್ಟಿದ್ದರು. ಹಿಂದಿನ ದಿನವೆಲ್ಲ ಯೋಚಿಸಿ ಬರೆದಿದ್ದೆ. ಮಾವಶಿಗೆ ಓದಲು ಬರುವುದಿಲ್ಲ. ಆಟ ಮುಗಿಸಿ ಹಲಗೆ ಒರೆಸುತ್ತಿದ್ದವಳು ಆ ಚೀಟಿ ಎತ್ತಿ, ಏನ್ ಬರದಿ ಓದು ಎಂದಳು.

ಓದಿದೆ. "ನನ್ನ ಅವ್ವನಿಗೆ ಮಾವಶಿ ಕಲಿಸಿದರು" ಎಂದಿತ್ತು.

"ಸುಳ್ಳ ಬರದಿ," ಎಂದಳು. "ನಿಮ್ಮವ್ವಾ ನನಗ ಕಲಿಸಿದ್ದು."

"ಅವ್ವಾ ಹಿಂಗ ಹೇಳತಿದ್ಲು ಮಾವಶಿ. ಸಾಯೂತನಾ ಹಿಂಗ ಹೇಳಿದ್ಲು."

ಅವಳ ಕೈ ಹಲಗೆಯ ಮೇಲೆ ನಿಂತಿತು. ಸುತ್ತ ಗದ್ದಲ, ಆಚೆ ಧ್ವನಿವರ್ಧಕದಲ್ಲಿ ಯಾರೋ ಹೆಸರು ಕೂಗುತ್ತಿದ್ದರು.

"ನಿಮ್ಮ ಮುಂದ ಹೇಳತಿದ್ಲೇನು? ಮನ್ಯಾಗ?"

"ಎಲ್ಲಾರ ಮುಂದನೂ."

ಮಾವಶಿ ಆ ಚೀಟಿಯನ್ನು ಹಲಗೆಯ ಮುಂದೆ ಇಟ್ಟು, ಗಾಳಿಗೆ ಹಾರದ ಹಾಗೆ ಮೇಲೊಂದು ಗಜಗ ಇಟ್ಟಳು. "ಇರಲಿ ಬಿಡು ಹಂಗಾದ್ರ," ಎಂದಳು, "ಅಕಿ ಮಾತ ನಾ ಯಾಕ ತಗದ ಹಾಕಲಿ." ಎದುರಿಗೆ ಹೊಸದಾಗಿ ಒಬ್ಬ ಹುಡುಗಿ ಬಂದು ಕುಳಿತಿದ್ದಳು. ಮಾವಶಿ ಗುಳಿಗೆ ನಾಲ್ಕು ನಾಲ್ಕರಂತೆ ಗಜಗ ತುಂಬಲು ಶುರುಮಾಡಿದಳು. ಒಂದು ಗಜಗ ಕಡಿಮೆ ಬಿತ್ತು. ಚೀಟಿಯ ಮೇಲಿನದನ್ನು ತೆಗೆಯಲಿಲ್ಲ. ನನ್ನ ಕಿಸೆಯಲ್ಲಿ ಒಂದಿದೆಯೇ ಎಂದು ಕೇಳಿದಳು. ಇತ್ತು, ಕೊಟ್ಟೆ.